ಓದುಗರ ಪ್ರಶ್ನೆ: ಹಿನ್ನೀರಿನ ಅಂಚಿನಲ್ಲಿ ನಿಂತ ಬಕ

ಚಿತ್ರಗಳನ್ನು ನೋಡುವ ಬಗೆಯನ್ನು ಕುರಿತು ಓದುಗರು ಕೇಳುವ ಪ್ರಶ್ನೆಗಳಿಗೆ ಈ ಅಂಕಣದಲ್ಲಿ ಉತ್ತರಿಸಲಾಗುತ್ತದೆ. ಈ ಸಲ ಬಂದ ಪತ್ರಗಳಲ್ಲಿ ನೀರುಹಕ್ಕಿಗಳ ಚಿತ್ರಗಳಿಗೆ ಸಂಬಂಧಿಸಿದ ನಾಲ್ಕನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ತಂದೆಯವರು ಹಳ್ಳಿಯ ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದರು. ಅವರು ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಸಿಕ್ಕ ಒಂದು ಜಲವರ್ಣ ಚಿತ್ರದ ಫೋಟೊ ಕಳಿಸಿದ್ದೇನೆ. ಹಿಂಬದಿಯಲ್ಲಿ ‘ಹಿನ್ನೀರು, ಮೇ 1986’ ಎಂದಷ್ಟೇ ಬರೆದಿದ್ದಾರೆ. ಎಡಗಡೆ ಕೆಂಪು ಕಡ್ಡಿಗಾಲಿನ ಮೂರು ಕಪ್ಪು-ಬಿಳಿ ಹಕ್ಕಿಗಳಿವೆ. ಬಲಗಡೆ ಜೊಂಡಿನ ಪಕ್ಕದಲ್ಲಿ ಕುತ್ತಿಗೆ ಮುದುರಿಕೊಂಡು ಒಂದೇ ಒಂದು ಬಕ ನಿಂತಿದೆ. ನಡುವೆ ಬರೀ ನೀರು, ಹಿಂದೆ ಗುಂಡುಕಲ್ಲಿನ ಗುಡ್ಡ, ಆಕಾಶದಲ್ಲಿ ದೂರ ಹಾರುತ್ತಿರುವ ಎರಡು ಹಕ್ಕಿಗಳು. ಚೌಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದೇನೆ. ಬಕ ಕಪಟದ ಗುರುತು, ಅದನ್ನು ಮನೆಯೊಳಗೆ ಇಡಬಾರದು ಎಂದು ಸೋದರತ್ತೆ ಹೇಳುತ್ತಾರೆ. ಚಿತ್ರ ಬರೆದದ್ದಕ್ಕಿಂತ ಹಿಂದಿನ ವರ್ಷ ತಾಯಿ ತೀರಿಕೊಂಡಿದ್ದರಿಂದ ಆ ಒಂಟಿ ಹಕ್ಕಿ ಅಪ್ಪನೇ ಎಂದು ತಮ್ಮ ಹೇಳುತ್ತಾನೆ. ಅದು ಬರೀ ಸೀನರಿ, ಅರ್ಥ ಹುಡುಕಬೇಡಿ ಎಂದು ಮಗ ಹೇಳುತ್ತಾನೆ. ಯಾರ ಮಾತು ಸರಿ? ನಡುವಿನ ನೀರಿನಲ್ಲಿ ಇನ್ನೊಂದು ಹಕ್ಕಿಯ ಪೆನ್ಸಿಲ್ ಗೆರೆ ಮಸುಕಾಗಿ ಕಾಣುತ್ತದೆ. ಅದನ್ನು ಅಳಿಸಬಹುದೇ?
— ಓದುಗರು, ಕೊಪ್ಪಳ

ಉತ್ತರ: ನಿಮ್ಮ ಫೋಟೊವನ್ನು ನಾಲ್ಕಾರು ದಿನ ಮೇಜಿನ ಮೇಲೆ ಕಣ್ಣಿಗೆ ಬೀಳುವಂತೆ ಇಟ್ಟುಕೊಂಡಿದ್ದೆ. ನಿಮ್ಮ ಮನೆಯ ಮೂವರೂ ಒಂದೊಂದು ಮಾತು ಹೇಳಿದ್ದಾರೆ. ಆದರೆ ಚಿತ್ರದಲ್ಲಿ ಏನೇನಿದೆ ಎಂಬುದನ್ನು ಪೂರ್ತಿ ನೋಡಿ ಮುಗಿಸುವ ಮೊದಲೇ ಮೂವರೂ ಅರ್ಥದ ಕಡೆಗೆ ಹೊರಟುಬಿಟ್ಟಿದ್ದಾರೆ ಎಂದು ನನಗೆ ಅನಿಸುತ್ತದೆ. ಆದ್ದರಿಂದ ಅರ್ಥದ ಮಾತನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ನಿಮ್ಮ ತಂದೆಯವರು ಆ ದಿನ ಏನನ್ನು ಕಂಡರು ಎಂಬುದರಿಂದ ಆರಂಭಿಸೋಣ.

ಎಡಗಡೆಯ ಮೂರು ಹಕ್ಕಿಗಳು ಮೆಟ್ಟುಗಾಲು ಹಕ್ಕಿಗಳು. ಮೈ ಬಿಳಿ, ರೆಕ್ಕೆ ಕಪ್ಪು, ಕೊಕ್ಕು ಸೂಜಿಯಂತೆ ನೇರ, ಕಾಲು ಮಾತ್ರ ಆ ಮೈಗೆ ಸೇರಿದ್ದೇ ಅಲ್ಲವೇನೋ ಎನ್ನುವಷ್ಟು ಉದ್ದ. ಮೂರರಲ್ಲಿ ಎರಡರ ಬೆನ್ನು ಹೊಳಪಿನ ಕಪ್ಪಾಗಿಯೂ ಒಂದರದು ಕಂದು ಬೆರೆತ ಕಪ್ಪಾಗಿಯೂ ಇರುವುದನ್ನು ಗಮನಿಸಿ. ಈ ಜಾತಿಯಲ್ಲಿ ಬೆನ್ನು ಕಂದಾಗಿರುವುದು ಹೆಣ್ಣಿನ ಲಕ್ಷಣ. ಅವರು ‘ನೀರುಹಕ್ಕಿ’ ಎಂಬ ಸಾಮಾನ್ಯ ರೂಪವೊಂದನ್ನು ನೆನಪಿನಿಂದ ಬರೆದಿಲ್ಲ, ಎದುರಿಗಿದ್ದ ಒಂದೊಂದು ಹಕ್ಕಿಯನ್ನೂ ಬೇರೆಬೇರೆಯಾಗಿ ನೋಡಿ ಬರೆದಿದ್ದಾರೆ. ಮೇಲೆ ಹಾರುತ್ತಿರುವ ಎರಡು ಹಕ್ಕಿಗಳು ಅಕ್ಕಿಕಾಳಿನಷ್ಟೇ ಇದ್ದರೂ ಅವುಗಳ ಕುತ್ತಿಗೆ ಮುಂದಕ್ಕೆ ಚಾಚಿದೆ, ಕಾಲು ಹಿಂದಕ್ಕೆ ಚಾಚಿದೆ. ಬಕ ಮತ್ತು ಬೆಳ್ಳಕ್ಕಿಗಳು ಹಾರುವಾಗ ಕುತ್ತಿಗೆಯನ್ನು ಮಡಿಸಿ ಭುಜಗಳ ನಡುವೆ ಸೇರಿಸಿಕೊಳ್ಳುತ್ತವೆ, ಕೊಕ್ಕರೆಗಳು ಚಾಚಿಕೊಂಡೇ ಹಾರುತ್ತವೆ. ಹಾಗಾಗಿ ಅವು ಕೊಕ್ಕರೆಗಳೇ ಇರಬೇಕು. ಬಾಲದ ಹತ್ತಿರ ಕುಂಚದ ತುದಿಯಿಂದ ಒಂದು ಚೂರು ಗುಲಾಬಿ ಮುಟ್ಟಿಸಿರುವುದನ್ನು ನೋಡಿದರೆ ಬಣ್ಣದ ಕೊಕ್ಕರೆಗಳೆಂದು ಹೇಳಬಹುದು. ಈಗ ನೀವು ಅವುಗಳನ್ನು ಹತ್ತಿರದಿಂದ ನೋಡಬೇಕೆಂದರೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಗೆ ಹೋಗಬಹುದು. ಹಿಂದೆ ಬಳ್ಳಾರಿ ಜಿಲ್ಲೆಗೆ ಸೇರಿದ್ದು 2021ರಿಂದ ವಿಜಯನಗರ ಜಿಲ್ಲೆಯಲ್ಲಿರುವ, 2024ರಲ್ಲಿ ರಾಮ್ಸಾರ್ ತಾಣವಾದ (ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದ) ಆ ಕೆರೆಯಲ್ಲಿ ನೀರಿನೊಳಗೇ ನಿಂತ ಜಾಲಿಮರಗಳ ಮೇಲೆ ಅವು ಗೂಡು ಕಟ್ಟುತ್ತವೆ.

ಇನ್ನು ಬಲಗಡೆಯ ಬಕ. ಅದು ಕೊಳದ ಬಕ, ನಮ್ಮ ಕಡೆಯ ಪ್ರತಿಯೊಂದು ಕೆರೆ, ಕಾಲುವೆ, ಭತ್ತದ ಗದ್ದೆಯ ಬದುವಿನ ಮೇಲೂ ಕಾಣುವ ಹಕ್ಕಿ. ವರ್ಷದ ಹೆಚ್ಚಿನ ದಿನಗಳಲ್ಲಿ ಅದರ ಮೈ ಕೆಸರಿನ ಬಣ್ಣದ್ದಾಗಿರುತ್ತದೆ, ಕುತ್ತಿಗೆಯ ಮೇಲೆ ಕಂದು ಗೀಟುಗಳಿರುತ್ತವೆ, ಹಾರಿದಾಗ ಮಾತ್ರ ರೆಕ್ಕೆಗಳ ಬಿಳುಪು ತಟ್ಟನೆ ಹೊಳೆದು ನೋಡುವವನನ್ನು ಬೆಚ್ಚಿಸುತ್ತದೆ. ಆದರೆ ನಿಮ್ಮ ಚಿತ್ರದ ಬಕದ ಬೆನ್ನು ಕೆಸರಿನ ಬಣ್ಣದ್ದಲ್ಲ, ಹಳೆಯ ಇಳಕಲ್ ಸೀರೆಯ ಸೆರಗಿನಂಥ ಗಾಢವಾದ ಕೆಂಗಂದು. ಗೂಡು ಕಟ್ಟುವ ಕಾಲ ಬಂದಾಗ ಮಾತ್ರ ಕೊಳದ ಬಕಕ್ಕೆ ಈ ಬಣ್ಣ ಏರುತ್ತದೆ, ತಲೆಯ ಹಿಂದೆ ಉದ್ದನೆಯ ತುರಾಯಿಯೂ ಇಳಿಯುತ್ತದೆ. ನಿಮ್ಮ ತಂದೆಯವರು ಆ ತುರಾಯಿಯನ್ನೂ ಒಂದೇ ಗೆರೆಯಲ್ಲಿ ಎಳೆದಿದ್ದಾರೆ. ಹಿಂಬದಿಯಲ್ಲಿ ಬರೆದ ‘ಮೇ’ ಎಂಬ ಮಾತಿಗೆ ಹಕ್ಕಿಯ ಬೆನ್ನೇ ಸಾಕ್ಷಿ ಹೇಳುತ್ತಿದೆ.

ನಿಮ್ಮ ಕಡೆ ಹಿನ್ನೀರೆಂದರೆ ತುಂಗಭದ್ರೆಯದೇ, ಮೇ ತಿಂಗಳೆಂದರೆ ಅದು ಇಳಿದಿರುವ ಕಾಲ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಜಲಾಶಯ ತುಂಬಿದಾಗ ಅದರ ನೀರು ಸುಮಾರು 378 ಚದರ ಕಿಲೊಮೀಟರ್ ಹರಡಿಕೊಳ್ಳುತ್ತದೆ. ಕಾಲುವೆಗಳಿಗೆ ಹರಿದು ಹರಿದು ಬೇಸಿಗೆಯ ಹೊತ್ತಿಗೆ ಅದು ಹಿಂದಕ್ಕೆ ಸರಿದು, ಮೈಲಿಗಟ್ಟಲೆ ಹೂಳು ಮಣ್ಣು ಬಯಲಾಗುತ್ತದೆ. ಮೊದಲಿಗೆ ಸುಮಾರು 133 ಟಿಎಂಸಿ ಇದ್ದ ಜಲಾಶಯದ ಸಾಮರ್ಥ್ಯವನ್ನು ಈಗ ಸುಮಾರು 105 ಟಿಎಂಸಿಗೆ ಇಳಿಸಿರುವುದು ಇದೇ ಹೂಳು. ರೈತರಿಗೆ ಅದು ನಷ್ಟ, ನೀರಿನಲ್ಲಿ ನಡೆದು ಮೇಯುವ ಹಕ್ಕಿಗೆ ಅದೇ ಊಟದ ಎಲೆ. ಒಂದು ಗೇಣು ಆಳದ ನೀರು, ಅದರ ಕೆಳಗೆ ಮೆತ್ತನೆಯ ಕೆಸರು, ಕೆಸರಿನಲ್ಲಿ ಹುಳ, ಅಂಚಿನಲ್ಲಿ ಸಿಕ್ಕಿಬಿದ್ದ ಮೀನು. ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳು ಚಿತ್ರದಲ್ಲಿ ಇಲ್ಲದಿರುವುದೂ ಲೆಕ್ಕಕ್ಕೆ ಸರಿಯಾಗಿದೆ, ಮೇ ಹೊತ್ತಿಗೆ ಅವು ಹೊರಟುಹೋಗಿರುತ್ತವೆ. ಅಂದವಾಗಿ ಕಾಣಲೆಂದು ಅವುಗಳನ್ನು ಸೇರಿಸುವುದು ಸುಲಭವಿತ್ತು, ಮಾಸ್ತರರು ಸೇರಿಸಲಿಲ್ಲ.

ಇಷ್ಟನ್ನು ನೋಡಿದ ಮೇಲೆ, ದಯವಿಟ್ಟು ಚಿತ್ರದ ಮುಂದೆ ಒಂದು ಮೊಳದಷ್ಟು ಹತ್ತಿರ ನಿಂತು ಹಕ್ಕಿಗಳ ಕಾಲು ನೀರಿಗೆ ತಾಗುವ ಜಾಗಗಳನ್ನು ಮಾತ್ರ ನೋಡಿ. ನನಗೆ ಈ ಚಿತ್ರದ ಜೀವ ಸಿಕ್ಕಿದ್ದು ಅಲ್ಲಿ. ಮೂರು ಮೆಟ್ಟುಗಾಲು ಹಕ್ಕಿಗಳ ಕಾಲಿನ ಸುತ್ತಲೂ ತೆಳುವಾದ ಕುಂಚದಿಂದ ಎರಡೆರಡು ಉಂಗುರಗಳನ್ನು ಎಳೆದಿದ್ದಾರೆ, ಮುಂದೆ ಹೆಜ್ಜೆ ಇಟ್ಟಿರುವ ಹಕ್ಕಿಗೆ ಮೂರು. ಬಕದ ಕಾಲಿನ ಸುತ್ತ ಒಂದೂ ಉಂಗುರವಿಲ್ಲ. ಕಾಲು ನೀರಿಗೆ ಸೇರುವಲ್ಲಿ ಬಣ್ಣ ಸದ್ದಿಲ್ಲದೆ ಕೆಳಗಿನ ಪ್ರತಿಬಿಂಬಕ್ಕೆ ಇಳಿದುಹೋಗಿದೆ. ಮೂರು ಹಕ್ಕಿಗಳಿಗೆ ಅಷ್ಟು ಜತನದಿಂದ ಉಂಗುರ ಬರೆದವರು ನಾಲ್ಕನೆಯದಕ್ಕೆ ಮರೆತುಬಿಟ್ಟರೆಂದು ನಾನು ಒಪ್ಪುವುದಿಲ್ಲ. ನಡೆಯುವ ಹಕ್ಕಿ ನೀರನ್ನು ಕಲಕುತ್ತದೆ. ನಿಂತ ಹಕ್ಕಿಯ ಸುತ್ತ, ಅದು ಬಂದು ನಿಂತಾಗ ಎದ್ದ ಅಲೆಗಳೆಲ್ಲ ಅಡಗಿ ನೀರು ಮತ್ತೆ ಕನ್ನಡಿಯಾಗುವಷ್ಟು ಹೊತ್ತು ಕಳೆದಿದೆ. ಜಲವರ್ಣದಲ್ಲಿ ಹೊತ್ತನ್ನು ಬರೆಯುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಇನ್ನು ಮುಂದೆ ನಿಮ್ಮ ತಂದೆಯವರ ಈ ಬಕವನ್ನು ತೋರಿಸುತ್ತೇನೆ. ಚಿತ್ರ ನೋಡಿದವರೆಲ್ಲ ‘ಎಷ್ಟು ಶಾಂತವಾಗಿದೆ’ ಎನ್ನುತ್ತಾರೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಆ ಶಾಂತಿ ಗುಡ್ಡದಿಂದ, ಆಕಾಶದಿಂದ ಬಂದದ್ದಲ್ಲ, ಉಂಗುರವಿಲ್ಲದ ಆ ಒಂದು ಅಂಗುಲ ನೀರಿನಿಂದ ಬಂದದ್ದು.

ಆ ಬಕ ಅಷ್ಟು ಹೊತ್ತು ನಿಂತದ್ದಾದರೂ ಏಕೆ? ಮುದುರಿದ ಕುತ್ತಿಗೆಯನ್ನು ನಿಮ್ಮ ತಮ್ಮ ದುಃಖದ ಭಂಗಿಯೆಂದು ಓದಿದ್ದಾರೆ. ಮನುಷ್ಯರು ಹಾಗೆ ಕುಳಿತರೆ ಅದು ದುಃಖವೇ ಇರಬಹುದು. ಆದರೆ ಬಕದ ಕುತ್ತಿಗೆಯ ಮೂಳೆಗಳ ಜೋಡಣೆಯೇ ಮಡಿಸಿಕೊಂಡು ಇದ್ದು ಒಮ್ಮೆಲೇ ಚಿಮ್ಮುವುದಕ್ಕೆ ತಕ್ಕಂತಿದೆ. ಕೊಕ್ಕು ನೀರಿನ ಕಡೆಗೆ ಒಂದಿಷ್ಟೇ ಬಾಗಿದೆ, ಕಣ್ಣಿನ ಹಳದಿಯನ್ನು ಅವರು ಒಂದು ಚುಕ್ಕೆಯಲ್ಲಿ ಇಟ್ಟಿದ್ದಾರೆ, ಆ ಚುಕ್ಕೆ ಕೊಕ್ಕಿನ ತುದಿಯ ಮುಂದಿನ ನೀರನ್ನೇ ನೋಡುತ್ತಿದೆ. ಅದು ಕೊರಗುತ್ತಿಲ್ಲ, ಕಾಯುತ್ತಿದೆ. ಈ ಎರಡರ ನಡುವಿನ ವ್ಯತ್ಯಾಸವೇ ಈ ಚಿತ್ರವನ್ನು ಅರ್ಥಮಾಡಿಕೊಳ್ಳುವ ದಾರಿ ಎಂದು ನನಗೆ ತೋರುತ್ತದೆ.

ಈಗ ಪೆನ್ಸಿಲ್ ಗೆರೆಯ ಮಾತು. ಜಲವರ್ಣದಲ್ಲಿ ಬಿಳಿಯೆಂದರೆ ಕಾಗದವೇ. ಬಿಳಿ ಮೈಯ ಹಕ್ಕಿಯನ್ನು ನೀರಿನ ನಡುವೆ ನಿಲ್ಲಿಸಬೇಕಾದರೆ ನೀರಿನ ಬಣ್ಣವನ್ನು ಹರಿಸುವ ಮೊದಲೇ ಆ ಹಕ್ಕಿಯ ಜಾಗವನ್ನು ಬಿಟ್ಟುಕೊಂಡು ಹೋಗಬೇಕಾಗುತ್ತದೆ. ಎಡಗಡೆಯ ಮೂರಕ್ಕೂ ಹಾಗೆ ಬಿಟ್ಟಿದ್ದಾರೆ. ನಡುವಿನ ನಾಲ್ಕನೆಯ ಮೆಟ್ಟುಗಾಲು ಹಕ್ಕಿಯ ಗೆರೆಯ ಮೇಲೆ ಮಾತ್ರ ತೆಳುನೀಲಿಯ ಲೇಪ ಎಲ್ಲಿಯೂ ತಡೆಯದೆ ಒಂದೇ ಉಸಿರಿನಲ್ಲಿ ಹರಿದಿದೆ. ಅಂದರೆ ಆ ಹಕ್ಕಿಯನ್ನು ಬಿಡುವ ತೀರ್ಮಾನ ನೀರನ್ನು ಬರೆಯುವ ಮೊದಲೇ ಆಗಿತ್ತು. ಅದು ಹಾರಿಹೋಗಿತ್ತೋ, ಅಥವಾ ಅದು ಅಲ್ಲಿದ್ದರೆ ಬಕದ ಏಕಾಂತ ಕೆಡುತ್ತದೆ ಎಂದುಕೊಂಡರೋ ಎಂಬುದು ಅವರ ಜೊತೆಗೇ ಹೋದ ಮಾತು. ಆದರೆ ಫಲ ನಮ್ಮ ಕಣ್ಣ ಮುಂದಿದೆ. ಆ ಹಕ್ಕಿಯನ್ನು ಕೈಬಿಟ್ಟಿದ್ದರಿಂದ ನಡೆಯುವ ಮೂರು ಹಕ್ಕಿಗಳಿಗೂ ನಿಂತ ಒಂದು ಹಕ್ಕಿಗೂ ನಡುವೆ ಅಗಲವಾದ ನೀರು ಉಳಿಯಿತು, ನಮ್ಮ ಕಣ್ಣು ಎಡದಿಂದ ಬಲಕ್ಕೆ ಆ ನೀರನ್ನು ದಾಟಿಕೊಂಡೇ ಹೋಗಬೇಕಾಯಿತು. ಗೆರೆಯನ್ನು ದಯವಿಟ್ಟು ಅಳಿಸಬೇಡಿ. ಬಣ್ಣದ ಕೆಳಗೆ ಸೇರಿಕೊಂಡ ಪೆನ್ಸಿಲ್ಲು ಸುಲಭವಾಗಿ ಅಳಿಯುವುದೂ ಇಲ್ಲ, ಉಜ್ಜಿದರೆ ಮೇಲಿನ ನೀಲಿ ಎದ್ದು ಕಾಗದದ ನಾರು ಕಿತ್ತುಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಅವರು ಯೋಚಿಸಿದ್ದಕ್ಕೆ ಅಲ್ಲಿ ಉಳಿದಿರುವ ಗುರುತು ಅದೊಂದೇ.

ಸೋದರತ್ತೆಯವರ ಮಾತನ್ನು ತಳ್ಳಿಹಾಕುವಂತಿಲ್ಲ, ಅದಕ್ಕೆ ಬೇರುಗಳಿವೆ. ಮುಪ್ಪಾದ ಬಕವೊಂದು ತಪಸ್ವಿಯ ಸೋಗು ಹಾಕಿ, ಬತ್ತುವ ಕೆರೆಯ ಮೀನುಗಳನ್ನು ಬೇರೆ ಕೆರೆಗೆ ಸಾಗಿಸುತ್ತೇನೆಂದು ನಂಬಿಸಿ ಒಂದೊಂದಾಗಿ ತಿಂದು, ಕೊನೆಗೆ ಏಡಿಯ ಕೈಯಲ್ಲಿ ಸತ್ತ ಕಥೆಯನ್ನು ಕೇಳಿಯೇ ನಾವೆಲ್ಲ ದೊಡ್ಡವರಾದದ್ದು. ‘ಬಕಧ್ಯಾನ’ ಎಂಬ ಮಾತು ಬಳಕೆಗೆ ಬಂದದ್ದೂ ಆ ಹಕ್ಕಿಯ ನಿಲುವನ್ನು ನೋಡಿಯೇ. ಇನ್ನೊಂದು ಕಾರಣವನ್ನೂ ನಾನು ಊಹಿಸಬಲ್ಲೆ. ನಮ್ಮ ಕಡೆಯ ಹಿರಿಯರ ಕಣ್ಣು ಪಳಗಿರುವುದು ದೇವಸ್ಥಾನದ ಚಿತ್ರ, ಶಿಲ್ಪಗಳಿಂದ, ಕಿನ್ನಾಳದ ಚಿತ್ರಗಾರರು ಮರದಲ್ಲಿ ಮಾಡಿ ಬಣ್ಣ ಹಾಕುವ ಗರುಡನಂಥ ರೂಪಗಳಿಂದ. ಅಲ್ಲಿ ಪ್ರತಿಯೊಂದು ಹಕ್ಕಿಗೂ ಒಂದು ಸ್ಥಾನವಿದೆ. ಗರುಡ ವಿಷ್ಣುವಿನದು, ನವಿಲು ಸುಬ್ರಹ್ಮಣ್ಯನದು, ಹಂಸ ಸರಸ್ವತಿಯದು. ಹಕ್ಕಿಯನ್ನು ಕಂಡೊಡನೆ ‘ಇದು ಯಾವುದರ ಗುರುತು’ ಎಂದು ಕೇಳುವುದು ಆ ಕಲೆಯ ಮುಂದೆ ಸರಿಯಾದ ಪ್ರಶ್ನೆ. ಹಿನ್ನೀರಿನ ಅಂಚಿನಲ್ಲಿ ಕುಳಿತು ಬರೆದ ಚಿತ್ರದ ಮುಂದೆ ಆ ಪ್ರಶ್ನೆ ಹೊಂದುವುದಿಲ್ಲ. ಇಲ್ಲಿಯ ಬಕ ಯಾರಿಗೂ ಏನನ್ನೂ ನಂಬಿಸುತ್ತಿಲ್ಲ. ಕಥೆಯ ಬಕಕ್ಕೆ ಮಾತು ಬರುತ್ತದೆ, ಅದರ ಪಾಪವಿರುವುದು ಮಾತಿನಲ್ಲಿ. ಈ ಬಕ ಸುಮ್ಮನೆ ನಿಂತಿದೆ. ಮೀನು ಹಿಡಿಯುವ ಅದರ ಬಗೆಯೇ ಅದು. ಇದನ್ನು ಸೋದರತ್ತೆಯವರಿಗೆ ಹೇಳುವಾಗ, ಆ ಉಂಗುರಗಳನ್ನು ಎಣಿಸಿ ತೋರಿಸಿ ಹೇಳಿ. ವಾದಕ್ಕಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನಿಮ್ಮ ತಮ್ಮನವರ ಮಾತಿಗೆ ಬರಲು ನನಗೆ ಸ್ವಲ್ಪ ಹಿಂಜರಿಕೆಯಿದೆ, ಏಕೆಂದರೆ ಅದು ಮನೆಯ ನೋವಿಗೆ ಸಂಬಂಧಿಸಿದ್ದು. ಆ ಹಕ್ಕಿ ಹೆಂಡತಿಯನ್ನು ಕಳೆದುಕೊಂಡ ಗಂಡಿನ ಸಂಕೇತ ಎಂದು ಹೇಳುವುದಕ್ಕೆ ಚಿತ್ರದೊಳಗೆ ಆಧಾರವಿಲ್ಲ. ಗೂಡು ಕಟ್ಟುವ ಕಾಲದ ಬಣ್ಣ ಹೊತ್ತ ಹಕ್ಕಿಯನ್ನು ಅದಕ್ಕೆ ಆರಿಸಿಕೊಳ್ಳುವುದು ವಿಚಿತ್ರವೂ ಆಗುತ್ತಿತ್ತು. ಆದರೆ ಒಂದು ವಿಷಯವನ್ನು ಯೋಚಿಸಿ. ಬಕದ ಸುತ್ತ ನೀರು ತಿಳಿಯಾಗುವಷ್ಟು ಹೊತ್ತು ಅದು ನಿಂತಿತ್ತು ಎಂದು ಮಾಸ್ತರರಿಗೆ ಗೊತ್ತಾಗಬೇಕಾದರೆ, ಅವರೂ ಅಷ್ಟೇ ಹೊತ್ತು, ಅಷ್ಟೇ ಅಲುಗದೆ, ಮೇ ತಿಂಗಳ ನಮ್ಮ ಸೀಮೆಯ ಬಿಸಿಲಿನಲ್ಲಿ ದಡದ ಮೇಲೆ ಇದ್ದಿರಬೇಕು. ಅವರು ಅಲುಗಿದ್ದರೆ ಬಕ ಹಾರಿಬಿಡುತ್ತಿತ್ತು. ಆ ದಿನ ಆ ನೀರಿನ ಹತ್ತಿರ ಕಾಯುತ್ತಿದ್ದವರು ಇಬ್ಬರು. ಹಾಗೆ ನೋಡಿದರೆ ಆ ಹಕ್ಕಿಯಲ್ಲಿ ಅಪ್ಪನನ್ನು ಕಂಡ ತಮ್ಮನವರ ಕಣ್ಣು ಪೂರ್ತಿ ತಪ್ಪಿಲ್ಲ. ಮನೆಯಲ್ಲಿ ಅಂಥ ಸಾವಾದ ಮರುವರ್ಷ ಒಬ್ಬ ಮನುಷ್ಯ ಹೊರಗೆ ಬಂದು ಹಕ್ಕಿಯೊಂದನ್ನು ಇಷ್ಟು ಗಮನವಿಟ್ಟು ನೋಡಬಲ್ಲವನಾಗಿದ್ದ ಎಂಬುದು ಚಿತ್ರ ನಮಗೆ ಖಚಿತವಾಗಿ ಹೇಳುವ ಸಂಗತಿ, ನಿಮ್ಮ ಮನೆಯವರಿಗೆ ಅದು ಸಣ್ಣ ಸಂಗತಿಯಲ್ಲ ಎಂದುಕೊಳ್ಳುತ್ತೇನೆ.

ಮಗ ಹೇಳಿದ ‘ಸೀನರಿ’ ಎಂಬ ಮಾತಿಗೆ ನನ್ನ ಅಭ್ಯಂತರವಿಲ್ಲ, ಅದರ ಹಿಂದಿನ ‘ಬರೀ’ ಎಂಬ ಮಾತನ್ನು ಮಾತ್ರ ತೆಗೆಯಲು ಹೇಳಿ.

ಪ್ರಶ್ನೆ: ನಾನು ಚಿತ್ರಕಲಾ ವಿದ್ಯಾರ್ಥಿ. ಸಿಂಧನೂರಿನ ಹತ್ತಿರ ನಾಟಿ ಮಾಡುವ ಮುಂಚಿನ ಭತ್ತದ ಗದ್ದೆಯಲ್ಲಿ ನಿಂತ ಬೆಳ್ಳಕ್ಕಿಯನ್ನು ಬರೆದೆ. ಹಕ್ಕಿಯನ್ನೇ ತಲೆಕೆಳಗಾಗಿಸಿ ಪ್ರತಿಬಿಂಬ ಮಾಡಿದ್ದೇನೆ. ‘ನೀರು ನೀರಿನ ಹಾಗಿಲ್ಲ’ ಎಂದು ಗುರುಗಳು ಹೇಳುತ್ತಾರೆ. ತಪ್ಪು ಎಲ್ಲಿದೆ? 
— ಓದುಗರು, ರಾಯಚೂರು

ಉತ್ತರ: ನಿಮ್ಮ ಗುರುಗಳು ಸರಿಯಾದ ಜಾಗವನ್ನೇ ಮುಟ್ಟಿ ಹೇಳಿದ್ದಾರೆ. ಕಾಗದವನ್ನು ಮಡಚಿ ಅಚ್ಚೊತ್ತಿದ ಹಾಗೆ ಪ್ರತಿಬಿಂಬ ಕಾಣಬೇಕಾದರೆ ನಿಮ್ಮ ಕಣ್ಣು ನೀರಿನ ಮಟ್ಟದಲ್ಲೇ ಇರಬೇಕು. ನೀವು ಬದುವಿನ ಮೇಲೆ ನಿಂತಿದ್ದಿರಿ. ಮೇಲಿನಿಂದ ನೇರವಾಗಿ ನೋಡಿದಾಗ ಹಕ್ಕಿಯ ಬೆನ್ನು ಕಾಣುತ್ತದೆ, ನೀರಿನಲ್ಲಿ ನೋಡಿದಾಗ ಅದರ ಹೊಟ್ಟೆ ಕಾಣುತ್ತದೆ, ಕೊಕ್ಕಿನ ಅಡಿಭಾಗ ಕಾಣುತ್ತದೆ. ನಿಮ್ಮ ಕಣ್ಣು ನೀರಿಗಿಂತ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಆಳದಲ್ಲಿ ಇನ್ನೊಂದು ಕಣ್ಣಿದೆ ಎಂದು ಕಲ್ಪಿಸಿಕೊಳ್ಳಿ. ಆ ಕಣ್ಣು ಕೆಳಗಿನಿಂದ ಹಕ್ಕಿಯನ್ನು ಹೇಗೆ ನೋಡೀತೋ ಪ್ರತಿಬಿಂಬ ಹಾಗಿರುತ್ತದೆ, ತಲೆಕೆಳಗಾಗಿ. ನಿಮ್ಮ ಚಿತ್ರದಲ್ಲಿ ನೀರಿನೊಳಗಿನ ಹಕ್ಕಿಗೂ ಬೆನ್ನೇ ಕಾಣುತ್ತಿದೆ.

ಬಣ್ಣದಲ್ಲೂ ಒಂದು ಮಾತಿದೆ. ಬೆಳ್ಳಗಿರುವುದು ನೀರಿನಲ್ಲಿ ತುಸು ಮಂಕಾಗುತ್ತದೆ, ಕಪ್ಪಗಿರುವುದು ತುಸು ತಿಳಿಯಾಗುತ್ತದೆ. ನಾಟಿಗೆ ಹದ ಮಾಡಿದ ಗದ್ದೆಯ ನೀರು ಕೆಸರಿನದಾದ್ದರಿಂದ ನಿಮ್ಮ ಬೆಳ್ಳಕ್ಕಿಯ ಪ್ರತಿಬಿಂಬಕ್ಕೆ ಮಣ್ಣಿನ ಬಣ್ಣ ಬೆರೆತಿರಬೇಕು, ನೀವು ಮೇಲಿನ ಹಕ್ಕಿಗೂ ಕೆಳಗಿನದಕ್ಕೂ ಕಾಗದದ ಅದೇ ಬಿಳಿಯನ್ನು ಬಿಟ್ಟಿದ್ದೀರಿ. ನಿಮ್ಮ ಕಾಲ ಹತ್ತಿರದ ನೀರಿನಲ್ಲಿ ತಳ ಕಾಣುತ್ತದೆ, ದೂರ ಹೋದಂತೆ ತಳ ಮರೆಯಾಗಿ ಆಕಾಶ ಕಾಣುತ್ತದೆ. ಒಂದೇ ನೀಲಿಯನ್ನು ಗದ್ದೆಯ ಈ ಬದುವಿನಿಂದ ಆ ಬದುವಿನವರೆಗೆ ಹರಿಸಿದರೆ ಅದು ಬಟ್ಟೆ ಹಾಸಿದಂತಾಗುತ್ತದೆ. ಗಾಳಿಗೆ ನೀರು ನಡುಗಿದಾಗ ಪ್ರತಿಬಿಂಬ ಅಗಲವಾಗುವುದಿಲ್ಲ, ನಿಮ್ಮ ಕಡೆಗೆ ಉದ್ದವಾಗಿ ಎಳೆದುಕೊಳ್ಳುತ್ತದೆ. ಇನ್ನು ನೆರಳನ್ನೂ ಪ್ರತಿಬಿಂಬವನ್ನೂ ನೀವು ಒಂದೇ ಮಾಡಿದ್ದೀರಿ. ನೆರಳು ಸೂರ್ಯ ಇರುವ ಕಡೆಯ ಎದುರಿಗೆ ಬೀಳುತ್ತದೆ, ಪ್ರತಿಬಿಂಬ ಸೂರ್ಯ ಎಲ್ಲಿದ್ದರೂ ನೋಡುವವನ ಕಡೆಗೇ ಬರುತ್ತದೆ. ಕೆಸರು ನೀರಿನ ಮೇಲೆ ಎರಡೂ ಕಾಣುತ್ತವೆ, ಆಳವಾದ ತಿಳಿನೀರಿನ ಮೇಲೆ ನೆರಳು ಕಾಣುವುದು ಕಡಿಮೆ.

ಹಕ್ಕಿಯ ಬಗ್ಗೆ ಎರಡು ಮಾತು. ಕಾಲಿನ ನಡುವೆ ಹಿಂದಕ್ಕೆ ಮಡಚುವ ಗಂಟನ್ನು ಮೊಣಕಾಲೆಂದು ಭಾವಿಸಿ ನೀವು ಅದನ್ನು ಮುಂದಕ್ಕೆ ಬಾಗಿಸಿದ್ದೀರಿ. ಅದು ಹಕ್ಕಿಯ ಹಿಮ್ಮಡಿಯ ಗಂಟು, ಮೊಣಕಾಲು ಗರಿಗಳ ಒಳಗೆ ಮೈಗೆ ಅಂಟಿಕೊಂಡಿರುತ್ತದೆ. ಚಿಕ್ಕ ಬೆಳ್ಳಕ್ಕಿಯ ಕಾಲು ಕಪ್ಪು, ಪಾದ ಹಳದಿ. ಆ ಹಳದಿ ನೀರಿನೊಳಗೆ ಮುಳುಗಿರುವಾಗ ಕಾಣುವುದಿಲ್ಲ, ಹೆಜ್ಜೆ ಎತ್ತಿದ ಗಳಿಗೆಯಲ್ಲಿ ಕಾಣುತ್ತದೆ. ನೀವು ನಿಂತ ಹಕ್ಕಿಗೆ ಹಳದಿ ಪಾದ ಬರೆದದ್ದು ಪುಸ್ತಕದಲ್ಲಿ ಓದಿದ್ದನ್ನು ಬರೆದ ಹಾಗಿದೆ. ಮತ್ತೊಮ್ಮೆ ಗದ್ದೆಗೆ ಹೋಗಿ, ಬಣ್ಣದ ಪೆಟ್ಟಿಗೆಯನ್ನು ಮನೆಯಲ್ಲಿ ಬಿಟ್ಟು ಪೆನ್ಸಿಲ್ ಒಂದನ್ನೇ ಹಿಡಿದು ಹೋಗಿ.

ಪ್ರಶ್ನೆ: ತಾವರೆಗಳ ನಡುವೆ ನಿಂತ ಬೆಳ್ಳಕ್ಕಿಯ ಚೀನೀ ಚಿತ್ರದ ಮುದ್ರಿತ ಪ್ರತಿಯನ್ನು ಕೊಂಡೆ. ಇದಕ್ಕೆ ಗೂಢಾರ್ಥವಿದೆ ಎಂದು ಅಂಗಡಿಯವರು ಹೇಳಿದರು. ಅದೇನು? ನಮ್ಮ ಚಿತ್ರಗಳಿಗೂ ಅದು ಅನ್ವಯಿಸುತ್ತದೆಯೇ?
— ಓದುಗರು, ಬಳ್ಳಾರಿ

ಉತ್ತರ: ಅರ್ಥವಿದೆ, ಮತ್ತು ಅದು ಶಬ್ದದಲ್ಲಿದೆ. ಚೀನೀ ಭಾಷೆಯಲ್ಲಿ ಬೆಳ್ಳಕ್ಕಿಗೆ ‘ಲು’ ಎನ್ನುತ್ತಾರೆ, ದಾರಿಗೂ ‘ಲು’ ಎಂದೇ ಉಚ್ಚಾರ. ತಾವರೆಗೆ ಇರುವ ‘ಲಿಯನ್’ ಎಂಬ ಹೆಸರು ‘ಎಡೆಬಿಡದೆ’ ಎಂಬರ್ಥದ ಇನ್ನೊಂದು ಪದದಂತೆಯೇ ಕೇಳಿಸುತ್ತದೆ. ಒಂದು ಬೆಳ್ಳಕ್ಕಿ, ಕೆಲವು ತಾವರೆ ಎರಡನ್ನೂ ಸೇರಿಸಿ ಬರೆದರೆ, ಹೋಗುವ ದಾರಿಯಲ್ಲಿ ಒಂದರ ಮೇಲೊಂದು ಪರೀಕ್ಷೆಯಲ್ಲಿ ತೇರ್ಗಡೆಯಾಗಲಿ ಎಂಬ ಹಾರೈಕೆ. ಸರ್ಕಾರಿ ಹುದ್ದೆಗೆ ಪರೀಕ್ಷೆ ಬರೆಯುತ್ತಿದ್ದವರಿಗೆ ಒಪ್ಪುವ ಉಡುಗೊರೆ ಅದು.

ಕನ್ನಡದಲ್ಲಿ ಈ ಶಬ್ದಗಳ ಆಟ ಇಲ್ಲದ್ದರಿಂದ ಆ ಅರ್ಥ ಗಡಿ ದಾಟಿ ಬರುವುದಿಲ್ಲ. ಆದರೆ ನಮ್ಮಲ್ಲೂ ಹೆಸರೇ ಅರ್ಥವನ್ನು ತಿರುಗಿಸುತ್ತದೆ ಎಂಬುದನ್ನು ಮೊದಲ ಪತ್ರದಲ್ಲಿ ಕಂಡಿರಿ. ‘ಬೆಳ್ಳಕ್ಕಿ’ ಎಂದರೆ ಮಕ್ಕಳ ಆಟ, ಸಂಜೆಯ ಆಕಾಶದ ಸಾಲು ನೆನಪಾಗುತ್ತದೆ, ‘ಬಕ’ ಎಂದೊಡನೆ ಕಪಟ, ಬಂಡಿ ಅನ್ನ ತಿಂದ ಬಕಾಸುರ ನೆನಪಾಗುತ್ತಾರೆ. ಆದರೆ ಬೆಳ್ಳಕ್ಕಿ, ಬಕ ಎರಡೂ ಒಂದೇ ಬಳಗದ ಹಕ್ಕಿಗಳು. ಹೆಸರನ್ನು ಪಕ್ಕಕ್ಕಿಟ್ಟು ಹಕ್ಕಿಯನ್ನೇ ಬರೆದ ಪರಂಪರೆಯೂ ನಮ್ಮ ದೇಶದಲ್ಲಿ ಇತ್ತು. ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರ್ 17ನೇ ಶತಮಾನದಲ್ಲಿ ಸೈಬೀರಿಯಾದ ಬಿಳಿ ಕ್ರೌಂಚವನ್ನು ಬರೆದಿಟ್ಟ. ಯುರೋಪಿನ ವಿಜ್ಞಾನಿಗಳು ಆ ಹಕ್ಕಿಯನ್ನು ವಿವರಿಸಿ ಹೆಸರಿಟ್ಟದ್ದು 1773ರಲ್ಲಿ, ಮನ್ಸೂರನ ಕಾಲ ಕಳೆದು ನೂರು ವರ್ಷಗಳ ಮೇಲಾದ ನಂತರ. ಬಾದಶಹ ಅವನಿಗೆ ಕೊಟ್ಟ ಬಿರುದು ‘ನಾದಿರ್-ಉಲ್-ಅಸ್ರ್’, ಕಾಲದ ಅಚ್ಚರಿ ಎಂದು ಅದರ ಅರ್ಥ.

ಪ್ರಶ್ನೆ: ಹಿನ್ನೀರಿನ ಹಕ್ಕಿಗಳ ಹಳೆಯ ಜಲವರ್ಣ ಚಿತ್ರ ನಮ್ಮಲ್ಲೂ ಇದೆ. ಅದರಲ್ಲಿ ಮೆಟ್ಟುಗಾಲು ಹಕ್ಕಿಗಳ ಕಾಲು ಕೆಂಪಾಗಿಲ್ಲ, ಬಹುತೇಕ ಬಿಳಿಯಾಗಿದೆ. ಕಲಾವಿದರು ಬೇಕೆಂದೇ ಹಾಗೆ ಮಾಡಿರಬಹುದೇ? ಅದು ಏನನ್ನು ಸೂಚಿಸುತ್ತದೆ?
— ಓದುಗರು, ಗಂಗಾವತಿ

ಉತ್ತರ: ಅರ್ಥ ಹುಡುಕುವ ಮೊದಲು ಚಿತ್ರ ಎಷ್ಟು ವರ್ಷ ಬೆಳಕಿನಲ್ಲಿತ್ತು ಎಂದು ಕೇಳಿಕೊಳ್ಳಿ. ಜಲವರ್ಣದ ಎಲ್ಲ ಬಣ್ಣಗಳೂ ಒಂದೇ ಸಮನಾಗಿ ಬಾಳುವುದಿಲ್ಲ. ಕಾವಿ, ಗೋಪಿಯಂಥ ಮಣ್ಣಿನ ಬಣ್ಣಗಳು ನೂರಾರು ವರ್ಷ ತಡೆಯುತ್ತವೆ. ಗುಲಾಬಿ, ಕಡುಗೆಂಪುಗಳಲ್ಲಿ ಹಲವು ಬಿಸಿಲಿಗೆ ಬೇಗ ಸೋಲುತ್ತವೆ, ಅದರಲ್ಲೂ ಕಾಲಿನ ಗೆರೆಯಂತೆ ತೆಳುವಾಗಿ ಹಚ್ಚಿದಾಗ. ನಿಮ್ಮ ಚಿತ್ರದಲ್ಲಿ ಗುಡ್ಡದ ಕಂದು ಗಟ್ಟಿಯಾಗಿ ಉಳಿದು, ಸಂಜೆಯ ಆಕಾಶದ ಕೆಂಪೂ ಹಕ್ಕಿಯ ಕಾಲಿನ ಕೆಂಪೂ ಒಟ್ಟಿಗೆ ಮಾಸಿದ್ದರೆ ಅದು ಕಲಾವಿದರ ಇಚ್ಛೆಯಲ್ಲ, ಎದುರಿನ ಕಿಟಕಿಯ ಕೆಲಸ. ಚಿತ್ರವನ್ನು ನೇರ ಬಿಸಿಲು ಬೀಳದ, ತೇವ ಏರದ ಗೋಡೆಗೆ ಬದಲಾಯಿಸಿ, ಗಾಜು ಕಾಗದಕ್ಕೆ ತಾಗದಂತೆ ನಡುವೆ ಮೌಂಟ್ (ದಪ್ಪ ಕಾಗದದ ಒಳಚೌಕಟ್ಟು) ಹಾಕಿಸಿ. ಮಾಸಿದ ಕಾಲಿಗೆ ಹೊಸ ಬಣ್ಣ ಹಚ್ಚಿಸಬೇಡಿ.

ಪರೀಕ್ಷೆ ಮಾಡಿ ನೋಡಬೇಕೆಂದಿದ್ದರೆ, ಅನುಭವವಿರುವ ಚೌಕಟ್ಟಿನವರ ಕೈಯಿಂದ ನಿಧಾನವಾಗಿ ಚೌಕಟ್ಟು ಬಿಚ್ಚಿಸಿ, ಮರದ ಅಂಚು ಇಷ್ಟು ವರ್ಷ ಮುಚ್ಚಿಕೊಂಡಿದ್ದ ಅರ್ಧ ಬೆರಳಿನಷ್ಟು ಪಟ್ಟಿಯನ್ನು ನೋಡಿ. ಬೆಳಕು ತಾಗದ ಆ ಪಟ್ಟಿಯಲ್ಲಿ ಆಕಾಶದ ಬಣ್ಣ ಬರೆದ ದಿನದಂತೆಯೇ ಉಳಿದಿರುತ್ತದೆ. ಅಲ್ಲಿ ಕೆಂಪಿದ್ದರೆ ಹಕ್ಕಿಗಳ ಕಾಲಿನಲ್ಲೂ ಇದ್ದಿರಬೇಕು.